ಲಾಗ್ ಹುಡುಕಿ ಏನೂ ಸಿಗದಿದ್ದರೆ: ಎಐ ಏಜೆಂಟ್‌ಗೆ ಕೈಪಿಡಿ ಏನು ಹೇಳಬೇಕು?

ಸಂಪಾದಕರಿಗೆ,

ಕೊಟ್ಟ ಕೆಲಸವನ್ನು ಟೂಲ್‌ಗಳನ್ನು ಬಳಸಿ ತಾವೇ ಮಾಡುವ ಎಐ ಏಜೆಂಟ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡು ದಾರಿ ಹಿಡಿಯುತ್ತವೆ. ಒಂದೋ ಅವು ಎಲ್ಲರ ಕೆಲಸ ಕಸಿಯುತ್ತವೆ, ಇಲ್ಲವೇ ಎಲ್ಲರ ಕೆಲಸ ಹಗುರ ಮಾಡುತ್ತವೆ. ಸರ್ವರ್ ನೋಡಿಕೊಳ್ಳುವವರ ನಡುವೆ ಸದ್ದಿಲ್ಲದೆ ನಡೆಯುತ್ತಿರುವ ಒಂದು ಕೆಲಸ ಈ ಎರಡಕ್ಕೂ ಸೇರುವುದಿಲ್ಲ: ಲಾಗ್ ಹುಡುಕುವ ಟೂಲ್‌ಗಳಿಗೆ ಏಜೆಂಟ್ ಓದುವಂಥ ಕೈಪಿಡಿ ಬರೆಯುವುದು. ಇದನ್ನು ಬರೆಯುತ್ತಿರುವ ಕನ್ನಡಿಗ ಎಂಜಿನಿಯರ್‌ಗಳು ಕಡಿಮೆಯಿಲ್ಲ, ಕನ್ನಡದಲ್ಲಿ ಅದರ ಚರ್ಚೆ ಮಾತ್ರ ಕಾಣುವುದಿಲ್ಲ. ಆ ಕೆಲಸದಲ್ಲಿ ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಎಂಬುದನ್ನು ಬಿಡಿಸಿ ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಜಾಗ ಕೊಡಬೇಕಾಗಿ ವಿನಂತಿ.

ಲಾಗ್ ಎಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿ. ಯಾವ ಕ್ಷಣ, ಎಷ್ಟು ಗಂಭೀರ, ಏನಾಯಿತು ಎಂದು ಸಾಲು ಸಾಲಾಗಿ ಇರುತ್ತದೆ. ಸೇವೆ ಕೆಟ್ಟಾಗ ಆ ಸಾಲುಗಳಲ್ಲಿ ಕಾರಣ ಹುಡುಕುತ್ತಾರೆ. ಅದಕ್ಕೆ 1973ರಷ್ಟು ಹಳೆಯ ಗ್ರೆಪ್ ಇದೆ, ಲಿನಕ್ಸ್‌ನ ಜರ್ನಲ್‌ಸಿಟಿಎಲ್ ಇದೆ, ಎಲಾಸ್ಟಿಕ್‌ಸರ್ಚ್, ಲೋಕಿ, ಕ್ಲೌಡ್‌ವಾಚ್‌ನಂಥ ದೊಡ್ಡ ವ್ಯವಸ್ಥೆಗಳಿವೆ. ಇವುಗಳಲ್ಲಿ ಯಾವುದನ್ನಾದರೂ ಏಜೆಂಟ್ ಕೈಗೆ ಕೊಡುವುದು ಈಗ ಕಷ್ಟವಲ್ಲ. ಆಂಥ್ರಾಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ (ಏಜೆಂಟ್‌ಗೆ ಟೂಲ್ ಜೋಡಿಸುವ ನಿಯಮಾವಳಿ) ಒಂದು ಟೂಲ್‌ಗೆ ಹೆಸರು, ವಿವರಣೆ, ಕೊಡಬೇಕಾದ ಇನ್‌ಪುಟ್‌ಗಳ ಸ್ಕೀಮಾ, ಅಂದರೆ ಅವುಗಳ ರೂಪದ ಪಟ್ಟಿ, ಬರೆದರೆ ಜೋಡಣೆ ಬಹುಮಟ್ಟಿಗೆ ಮುಗಿಯುತ್ತದೆ. ಕಷ್ಟ ಇರುವುದು ಆ ‘ವಿವರಣೆ’ ಎಂಬ ಜಾಗದಲ್ಲಿ.

ಬಹಳ ಮಂದಿ ಅಲ್ಲಿ ಟೂಲ್ ಏನೇನು ಮಾಡಬಲ್ಲದು ಎಂದು ಬರೆಯುತ್ತಾರೆ. ನಮ್ಮ ಪ್ರಕಾರ ಮೊದಲು ಬರೆಯಬೇಕಾದದ್ದು ಬೇರೆ: ಹುಡುಕಿದಾಗ ಏನೂ ಸಿಗದಿದ್ದರೆ ಅದರ ಅರ್ಥವೇನು?

ಅನುಭವಿ ಎಂಜಿನಿಯರ್ ಖಾಲಿ ಪರದೆ ಕಂಡರೆ ಮೊದಲು ತನ್ನನ್ನೇ ಅನುಮಾನಿಸುತ್ತಾರೆ. ಸಮಯ ತಪ್ಪು ಕೊಟ್ಟೆನೇ, ಬೇರೆ ಸರ್ವರ್ ನೋಡುತ್ತಿದ್ದೇನೆಯೇ ಎಂದುಕೊಳ್ಳುತ್ತಾರೆ. ಏಜೆಂಟ್‌ಗೆ ಆ ಅನುಮಾನ ತಾನಾಗಿ ಹುಟ್ಟುತ್ತದೆ ಎಂದು ನಂಬಿ ಕೂರಲಾಗದು. ಖಾಲಿ ಉತ್ತರವನ್ನು ಅದು ಸಾಕ್ಷ್ಯವೆಂದು ಎಣಿಸಿ ‘ಆ ಅವಧಿಯಲ್ಲಿ ಯಾವುದೇ ದೋಷ ಕಂಡುಬಂದಿಲ್ಲ’ ಎಂದು ವರದಿ ಬರೆದುಬಿಡಬಹುದು. ವರದಿಯ ಭಾಷೆ ಸೊಗಸಾಗಿರುತ್ತದೆ, ಆದ್ದರಿಂದ ಓದುವವರೂ ನಂಬುತ್ತಾರೆ. ಲಾಗ್ ಹುಡುಕಾಟದಲ್ಲಿ ಖಾಲಿ ಉತ್ತರಕ್ಕೆ ‘ಇಲ್ಲ’ ಎಂಬ ಒಂದೇ ಅರ್ಥವಿಲ್ಲ, ಹತ್ತಾರು ಅರ್ಥಗಳಿವೆ.

ಸಮಯದಿಂದ ಶುರು ಮಾಡೋಣ, ಏಕೆಂದರೆ ಹೆಚ್ಚು ಪೆಟ್ಟು ಬೀಳುವುದು ಅಲ್ಲೇ. 1970ರ ಜನವರಿ 1ರಿಂದ ಎಣಿಸುವ ಯೂನಿಕ್ಸ್ ಸಮಯವನ್ನು ಸೆಕೆಂಡಿನಲ್ಲಿ ಬರೆದರೆ ಈಗ 10 ಅಂಕಿ, ಮಿಲಿಸೆಕೆಂಡಿನಲ್ಲಿ 13, ಮೈಕ್ರೋಸೆಕೆಂಡಿನಲ್ಲಿ 16, ನ್ಯಾನೋಸೆಕೆಂಡಿನಲ್ಲಿ 19. ನಾಲ್ಕೂ ಬಳಕೆಯಲ್ಲಿವೆ. ಜರ್ನಲ್‌ಸಿಟಿಎಲ್ ಜೇಸನ್ ಎಂಬ, ಪ್ರೋಗ್ರಾಂಗಳು ಓದಲು ಸುಲಭವಾದ ರೂಪದಲ್ಲಿ ಕೊಡುವ ಸಮಯ ಮೈಕ್ರೋಸೆಕೆಂಡು, ಲೋಕಿಯದು ನ್ಯಾನೋಸೆಕೆಂಡು. ಕ್ಲೌಡ್‌ವಾಚ್‌ನಲ್ಲಂತೂ ಒಂದೇ ಸೇವೆಯ ಒಳಗೆ ಎರಡು ಅಳತೆ: ಲಾಗ್ ಸಾಲುಗಳನ್ನು ಸೋಸುವ ಕರೆಗೆ ಮಿಲಿಸೆಕೆಂಡು ಬೇಕು, ಇನ್‌ಸೈಟ್ಸ್ ಎಂಬ ಭಾಗದಲ್ಲಿ ಕ್ವೆರಿ (ಹುಡುಕಾಟದ ಪ್ರಶ್ನೆ) ಆರಂಭಿಸುವ ಕರೆಗೆ ಸೆಕೆಂಡು. ಮಿಲಿಸೆಕೆಂಡು ಬೇಕಾದಲ್ಲಿ ಸೆಕೆಂಡು ಕೊಟ್ಟರೆ ಹುಡುಕಾಟ 1970ರ ಜನವರಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಲಾಗ್ ಎಲ್ಲಿಂದ ಬರಬೇಕು? ಕೈಪಿಡಿಯಲ್ಲಿ ‘ಆರಂಭದ ಸಮಯ: ಪೂರ್ಣಾಂಕ’ ಎಂದು ಬರೆದರೆ ಸಾಲದು. ‘ಆರಂಭದ ಸಮಯ: ಯುಟಿಸಿ, ಮಿಲಿಸೆಕೆಂಡು, 13 ಅಂಕಿ’ ಎಂದು ಬರೆದು (ಯುಟಿಸಿ ಎಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಪಕ್ಕದಲ್ಲಿ ಒಂದು ನಿಜವಾದ ಸಂಖ್ಯೆಯನ್ನೂ ಅದು ಸೂಚಿಸುವ ದಿನಾಂಕವನ್ನೂ ಕೊಡಬೇಕು. ಇದಕ್ಕಿಂತ ಒಳ್ಳೆಯ ದಾರಿ, ಆರ್‌ಎಫ್‌ಸಿ 3339 (ಅಂತರ್ಜಾಲದ ಮಾನದಂಡಗಳ ದಾಖಲೆಗಳಲ್ಲೊಂದು) ಮಾದರಿಯ ಪಠ್ಯರೂಪದ ಸಮಯ ಪಡೆದು ಪರಿವರ್ತನೆಯನ್ನು ಟೂಲೇ ಮಾಡಿಕೊಳ್ಳುವುದು. ಆ ಮಾದರಿಯಲ್ಲಿ ಯುಟಿಸಿಯಿಂದ ಎಷ್ಟು ಅಂತರ ಎಂಬುದನ್ನು ಬರೆಯಲೇಬೇಕು, ಅಂದಾಜಿಗೆ ಜಾಗವಿಲ್ಲ. ಲೆಕ್ಕ ಹಾಕುವ ಕೆಲಸವನ್ನು ಭಾಷಾ ಮಾದರಿಗೆ ಬಿಡುವುದಕ್ಕಿಂತ ನಾಲ್ಕು ಸಾಲಿನ ಕೋಡ್‌ಗೆ ಬಿಡುವುದು ವಾಸಿ.

ಟೈಮ್ ಝೋನ್ ಇನ್ನೊಂದು ಗುಂಡಿ. ಜರ್ನಲ್‌ಸಿಟಿಎಲ್‌ಗೆ ಯಾವ ಗುರುತೂ ಇಲ್ಲದೆ ಸಮಯ ಕೊಟ್ಟರೆ ಅದು ಆ ಯಂತ್ರದ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಎಚ್ಚರಿಕೆಯ ಸಂದೇಶ ಬಂದದ್ದು ಯುಟಿಸಿಯಲ್ಲಿ, ಹುಡುಕಿದ್ದು ಸ್ಥಳೀಯ ಸಮಯದಲ್ಲಿ ಎಂದಾದರೆ ಗಂಟೆಗಟ್ಟಲೆ ಆಚೆಯ ಲಾಗ್ ಬರುತ್ತದೆ. ಇದು ಖಾಲಿ ಉತ್ತರಕ್ಕಿಂತ ಅಪಾಯ, ಏಕೆಂದರೆ ಉತ್ತರ ತುಂಬಿರುತ್ತದೆ, ಘಟನೆ ಮಾತ್ರ ಅದಲ್ಲ. ಸಿಸ್‌ಲಾಗ್ ಎಂಬ ಹಳೆಯ ಲಾಗ್ ರೂಪವನ್ನು ದಾಖಲಿಸಿದ 2001ರ ಆರ್‌ಎಫ್‌ಸಿ 3164ರಲ್ಲಿ ವರ್ಷವೂ ಇಲ್ಲ, ಟೈಮ್ ಝೋನ್ ಕೂಡ ಇಲ್ಲ. ಅದರಲ್ಲೊಂದು ಚಿಕ್ಕ ಕುಚೇಷ್ಟೆಯೂ ಇದೆ: ತಾರೀಖು ಒಂದೇ ಅಂಕಿಯದಾದರೆ ಮುಂದೆ ಸೊನ್ನೆಯ ಬದಲು ಖಾಲಿ ಜಾಗ ಬರುತ್ತದೆ. ಅಂದರೆ ತಿಂಗಳ ಹೆಸರಿಗೂ 5ಕ್ಕೂ ನಡುವೆ ಎರಡು ಸ್ಪೇಸ್. ಒಂದೇ ಸ್ಪೇಸ್ ಹಾಕಿ ಹುಡುಕಿದವರಿಗೆ ತಿಂಗಳ ಮೊದಲ ಒಂಬತ್ತು ದಿನ ಏನೂ ಸಿಗುವುದಿಲ್ಲ, ಹತ್ತನೇ ತಾರೀಖಿನಿಂದ ಎಲ್ಲ ಸರಿಯಾಗುತ್ತದೆ. ಇಂಥದ್ದನ್ನು ಕೈಪಿಡಿ ಹೇಳದೆ ಇನ್ಯಾರು ಹೇಳಬೇಕು?

ಸಮಯ ಸರಿಯಿದ್ದರೂ ಆ ಹೊತ್ತಿನ ಲಾಗ್ ಟೂಲ್‌ನ ಬಳಿ ಇಲ್ಲದಿರಬಹುದು. ತೀರಾ ಹೊಸದಾದರೆ ಇನ್ನೂ ಸೂಚಿಗೆ (ಹುಡುಕಾಟಕ್ಕೆಂದು ಟೂಲ್ ಕಟ್ಟಿಕೊಳ್ಳುವ ಇಂಡೆಕ್ಸ್) ಸೇರಿರುವುದಿಲ್ಲ, ತೀರಾ ಹಳೆಯದಾದರೆ ಉಳಿಸುವ ಅವಧಿ ಮುಗಿದು ಅಳಿಸಿಹೋಗಿರುತ್ತದೆ. ಫೈಲ್‌ಗಳಾದರೆ ಲಾಗ್‌ರೊಟೇಟ್ ಹಳೆಯದನ್ನು ಹೆಸರು ಬದಲಿಸಿ, ಒತ್ತಿ ಚಿಕ್ಕದು ಮಾಡಿ ಇಟ್ಟಿರುತ್ತದೆ. ಮಾಮೂಲಿ ಗ್ರೆಪ್ ಆ ಒತ್ತಿದ ಫೈಲ್‌ನೊಳಗೆ ಇಣುಕುವುದಿಲ್ಲ, ಅದಕ್ಕೆ ಝಡ್‌ಗ್ರೆಪ್ ಬೇಕು. ಆದ್ದರಿಂದ ಸೂಚಿಗೆ ಸೇರಲು ಸಾಮಾನ್ಯವಾಗಿ ಎಷ್ಟು ಹೊತ್ತು, ಯಾವ ಮೂಲದ ಲಾಗ್ ಎಷ್ಟು ದಿನ ಉಳಿಯುತ್ತದೆ, ಯಾವ ಸೇವೆ ಹತ್ತು ಘಟನೆಗಳಲ್ಲಿ ಒಂದನ್ನು ಮಾತ್ರ ಲಾಗ್‌ಗೆ ಬರೆಯುತ್ತದೆ ಎಂಬುದು ಕೈಪಿಡಿಯಲ್ಲಿ ಅಂಕಿಸಹಿತ ಇರಲಿ. ‘ಕೆಲವೊಮ್ಮೆ ವಿಳಂಬವಾಗಬಹುದು’ ಎಂಬ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ.

ಅನುಮತಿಯ ವಿಷಯ ಹಲವರು ಮರೆಯುವಂಥದ್ದು. ಸಾಮಾನ್ಯ ಬಳಕೆದಾರನಾಗಿ ಜರ್ನಲ್‌ಸಿಟಿಎಲ್ ಓಡಿಸಿದರೆ ಇಡೀ ವ್ಯವಸ್ಥೆಯ ಲಾಗ್ ಕಾಣುವುದಿಲ್ಲ, ತನ್ನದಷ್ಟೇ ಕಾಣುತ್ತದೆ. ಆ ಬಗ್ಗೆ ಒಂದು ಸುಳಿವು ಬರುತ್ತದೆ ನಿಜ, ಆದರೆ ಅದು ಬರುವುದು ಎರರ್ ಹರಿಯುವ ಪ್ರತ್ಯೇಕ ದಾರಿಯಲ್ಲಿ. ಏಜೆಂಟ್‌ಗೆ ಟೂಲ್ ಜೋಡಿಸುವಾಗ ಆ ದಾರಿಯನ್ನು ಮುಚ್ಚಿ, ಮುಖ್ಯ ಉತ್ತರವನ್ನಷ್ಟೇ ದಾಟಿಸುವುದು ಸಾಮಾನ್ಯ. ‘ಶಾಂತ’ ಆಯ್ಕೆ ಹಾಕಿದರೂ ಸುಳಿವು ಮಾಯ. ಎರಡೂ ದಾರಿಯ ಪಠ್ಯವನ್ನು ಏಜೆಂಟ್‌ಗೆ ತಲುಪಿಸಿ, ಯಾವುದು ಯಾವುದೆಂದು ಗುರುತು ಹಾಕಿ ತಲುಪಿಸಿ.

ಇನ್ನು ಪದ ಹುಡುಕುವ ಬಗೆ. ಎಲಾಸ್ಟಿಕ್‌ಸರ್ಚ್ ತನ್ನ ಸಾಮಾನ್ಯ ವಿಶ್ಲೇಷಕದಲ್ಲಿ ಪಠ್ಯವನ್ನು ಪದಗಳಾಗಿ ಒಡೆದು, ಸಣ್ಣಕ್ಷರ ಮಾಡಿ ಸೂಚಿಗೆ ಹಾಕುತ್ತದೆ. ‘ಕನೆಕ್ಷನ್‌ಟೈಮ್‌ಔಟ್’ ಎಂದು ಇಂಗ್ಲಿಷ್‌ನಲ್ಲಿ ಕೂಡಿಸಿ ಬರೆದ ಎಕ್ಸೆಪ್ಶನ್ ಹೆಸರು ಅದಕ್ಕೆ ಒಂದೇ ಪದ. ‘ಟೈಮ್‌ಔಟ್’ ಎಂದು ಹುಡುಕಿದರೆ ಸಿಗುವುದಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಅದೇ ಫೀಲ್ಡ್‌ನ (ದಾಖಲೆಯ ಒಂದು ಅಂಕಣ) ಕೀವರ್ಡ್ ರೂಪದಲ್ಲಿ, ಅಂದರೆ ಒಡೆಯದೆ ಇಡಿಯಾಗಿ ಇಟ್ಟ ರೂಪದಲ್ಲಿ, ಹುಡುಕೋಣವೆಂದರೆ, ತಾನಾಗಿ ಹುಟ್ಟುವ ಮ್ಯಾಪಿಂಗ್‌ನಲ್ಲಿ (ಫೀಲ್ಡ್‌ಗಳ ಬಗೆ ಹೇಳುವ ಪಟ್ಟಿ) 256 ಅಕ್ಷರ ದಾಟಿದ ಮೌಲ್ಯಗಳು ಆ ರೂಪದ ಸೂಚಿಗೆ ಸೇರುವುದೇ ಇಲ್ಲ. ಉದ್ದನೆಯ ಎರರ್ ಸಂದೇಶ, ಅಂದರೆ ನಮಗೆ ಬೇಕಾದದ್ದೇ, ಹೊರಗುಳಿಯುತ್ತದೆ. ಯಾವ ಫೀಲ್ಡ್ ಪಠ್ಯ, ಯಾವುದು ಕೀವರ್ಡ್, ಯಾವುದರಲ್ಲಿ ಭಾಗಶಃ ಪದ ಸಿಗುತ್ತದೆ ಎಂಬ ಪಟ್ಟಿ ಇಲ್ಲದೆ ಏಜೆಂಟ್ ಕುರುಡಾಗಿ ಹುಡುಕುತ್ತದೆ.

ಹುಡುಕಬೇಕಾದ ಪಠ್ಯದ ವಿನ್ಯಾಸವನ್ನು ಗುರುತುಗಳಲ್ಲಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗೆ (ರೆಜೆಕ್ಸ್) ಹೆಸರು ಒಂದೇ, ವ್ಯಾಕರಣ ಹಲವು. ಭಾಷಾ ಮಾದರಿಗಳು ರೂಢಿಯಂತೆ ಪರ್ಲ್ ಭಾಷೆಯ ಶೈಲಿಯಲ್ಲಿ ಬರೆಯುತ್ತವೆ. ಗ್ರೆಪ್‌ನ ಮೂಲ ವ್ಯಾಕರಣದಲ್ಲಿ ಪ್ಲಸ್ ಗುರುತು ಬರಿಯ ಪ್ಲಸ್ ಗುರುತೇ, ಎಡಕ್ಕೆ ಬ್ಯಾಕ್‌ಸ್ಲ್ಯಾಶ್ ಹಾಕಿದರಷ್ಟೇ ಅದಕ್ಕೆ ವಿಶೇಷ ಅರ್ಥ. ಲೋಕಿ ಬಳಸುವ ಆರ್‌ಇ2 ಮುಂದಿನ ಪಠ್ಯವನ್ನು ಇಣುಕಿ ನೋಡುವ ಲುಕ್‌ಅಹೆಡ್ ಒಪ್ಪುವುದಿಲ್ಲ. ಅಲ್ಲದೆ ಲೋಕಿಯಲ್ಲಿ ಲೇಬಲ್‌ಗೆ (ಲಾಗ್ ಯಾವ ಸೇವೆಯದು ಎಂಬಂಥ ಗುರುತು) ಕೊಟ್ಟ ರೆಜೆಕ್ಸ್ ಇಡೀ ಮೌಲ್ಯಕ್ಕೆ ಹೊಂದಬೇಕು, ಸಾಲಿಗೆ ಕೊಟ್ಟ ರೆಜೆಕ್ಸ್ ನಡುವೆ ಎಲ್ಲಿ ಹೊಂದಿದರೂ ಸಾಕು. ಒಂದೇ ಕ್ವೆರಿಯಲ್ಲಿ ಎರಡು ನಿಯಮ! ಐಪಿ ವಿಳಾಸದಂಥದ್ದನ್ನು ಹುಡುಕುವಾಗ ಚುಕ್ಕೆಗೂ ವಿಶೇಷ ಅರ್ಥವಿದೆಯೆಂದು ಮರೆತರೆ ಸಂಬಂಧವಿಲ್ಲದ ಸಾಲುಗಳು ಬರುತ್ತವೆ. ಸುಮ್ಮನೆ ಪಠ್ಯ ಹುಡುಕುವುದನ್ನು ಮಾಮೂಲಿ ಆಯ್ಕೆಯಾಗಿಟ್ಟು, ರೆಜೆಕ್ಸ್ ಬೇಕೆಂದವರು ಕೇಳಿ ಪಡೆಯಲಿ ಎಂಬುದು ನಮ್ಮ ಅಭಿಪ್ರಾಯ.

ಫೈಲ್ ಹುಡುಕುವ ಟೂಲ್‌ಗಳ ಮೌನವೂ ಗೊತ್ತಿರಬೇಕು. ಕೋಡ್ ಬರೆಯುವ ಏಜೆಂಟ್‌ಗಳಿಗೆ ಪ್ರಿಯವಾದ ರಿಪ್‌ಗ್ರೆಪ್, ಗಿಟ್‌ಇಗ್ನೋರ್ ಪಟ್ಟಿಯಲ್ಲಿರುವ (ಕೋಡ್‌ನ ಆವೃತ್ತಿಗಳನ್ನು ಕಾಪಾಡುವ ಗಿಟ್ ಬಿಟ್ಟುಬಿಡಬೇಕಾದ) ಫೈಲ್‌ಗಳನ್ನು ತಾನಾಗಿ ಬಿಟ್ಟು ಹೋಗುತ್ತದೆ. ಲಾಗ್ ಫೈಲ್‌ಗಳನ್ನು ಗಿಟ್‌ಗೆ ಸೇರಿಸಬಾರದೆಂದು ಆ ಪಟ್ಟಿಯಲ್ಲಿ ಹಾಕುವುದು ಎಲ್ಲರ ಅಭ್ಯಾಸ. ಎರಡೂ ಸೇರಿದರೆ ಲಾಗ್ ಕಣ್ಣೆದುರೇ ಇದ್ದೂ ಉತ್ತರ ಸೊನ್ನೆ. ಗ್ನೂ ಗ್ರೆಪ್‌ನದು ಇನ್ನೊಂದು ಬಗೆ: ಯಂತ್ರ ಹಠಾತ್ ಆರಿದಾಗ ಲಾಗ್‌ನಲ್ಲಿ ಶೂನ್ಯ ಬೈಟ್‌ಗಳು ಉಳಿದಿದ್ದರೆ ಇದು ಪಠ್ಯವಲ್ಲ, ಬೈನರಿ ಫೈಲ್ ಎಂದು ತೀರ್ಮಾನಿಸಿ, ಸಾಲು ತೋರಿಸದೆ ‘ಹೊಂದುತ್ತದೆ’ ಎಂದಷ್ಟೇ ಹೇಳಬಹುದು. ಪಠ್ಯವೆಂದೇ ಓದು ಎನ್ನುವ ಆಯ್ಕೆ ಕೊಟ್ಟರೆ ಸರಿಹೋಗುತ್ತದೆ. ಗ್ರೆಪ್ ಮುಗಿದಾಗ ಹಿಂದಿರುಗಿಸುವ ಅಂಕಿ, ಅಂದರೆ ಎಕ್ಸಿಟ್ ಕೋಡ್, ಕೂಡ ಬರೆದಿಡಿ: ಸಿಕ್ಕರೆ 0, ಸಿಗದಿದ್ದರೆ 1, ತಪ್ಪಾಗಿದ್ದರೆ 2. ಸೊನ್ನೆಯಲ್ಲದ್ದೆಲ್ಲ ವೈಫಲ್ಯ ಎಂದು ತಿಳಿದ ಹೊದಿಕೆ ಕೋಡ್ (ಗ್ರೆಪ್ ಅನ್ನು ಏಜೆಂಟ್‌ಗೆ ಜೋಡಿಸುವ ಕೋಡ್), 1 ಬಂದರೂ ಅದನ್ನು ದೋಷವೆಂದು ಸಾರುತ್ತದೆ. ಏಜೆಂಟ್ ಅದೇ ಆಜ್ಞೆಯನ್ನು ಹಿಂದುಮುಂದು ಮಾಡಿ ಹತ್ತು ಸಲ ಓಡಿಸುತ್ತ ಕೂರುತ್ತದೆ.

ಗಂಭೀರತೆಯ ಅಂಕಿಗಳಂತೂ ನಗೆಪಾಟಲು. ಸಿಸ್‌ಲಾಗ್‌ನಲ್ಲಿ 0 ಅತಿ ಗಂಭೀರ, 7 ಅತಿ ಹಗುರ, ಎರರ್ ಎಂದರೆ 3. ಪೈಥಾನ್‌ನ ಲಾಗಿಂಗ್‌ನಲ್ಲಿ ಉಲ್ಟಾ, ಅಂಕಿ ಏರಿದಷ್ಟೂ ಗಂಭೀರ: 30 ಎಂದರೆ ವಾರ್ನಿಂಗ್, 40 ಎರರ್. ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಜಗತ್ತಿನ ಲಾಗ್ ಗ್ರಂಥಾಲಯ ಪಿನೋದಲ್ಲಿ ಅದೇ 30 ಎಂದರೆ ಬರಿಯ ಮಾಹಿತಿ, 40 ವಾರ್ನಿಂಗ್, 50 ಎರರ್. ಲಾಗ್‌ನಂಥವುಗಳಿಗೆ ಸಾಮಾನ್ಯ ರೂಪ ಕೊಡುವ ಓಪನ್‌ಟೆಲಿಮೆಟ್ರಿಯಲ್ಲಿ ಎರರ್‌ಗೆ 17ರಿಂದ 20. ಈ ನಾಲ್ಕೂ ಒಂದೇ ಸಂಗ್ರಹಕ್ಕೆ ಬಂದು ಬೀಳುವ ವ್ಯವಸ್ಥೆಯಲ್ಲಿ ‘ಲೆವೆಲ್ 40ಕ್ಕಿಂತ ಹೆಚ್ಚು’ ಎಂಬ ಕ್ವೆರಿ ಏನನ್ನು ಹುಡುಕಿತು ಎಂದು ಯಾರೂ ಹೇಳಲಾರರು. ಯಾವ ಸೇವೆ ಯಾವ ಪದ್ಧತಿ ಬಳಸುತ್ತದೆ ಎಂಬ ಕೋಷ್ಟಕ ಕೈಪಿಡಿಯಲ್ಲಿರಲಿ, ಇಲ್ಲವೇ ಟೂಲ್ ಎಲ್ಲವನ್ನೂ ಒಂದೇ ಹೆಸರಿಗೆ ತರಲಿ.

ಕನ್ನಡ ಪಠ್ಯ ಬರುವ ಲಾಗ್‌ಗಳ ಬಗ್ಗೆ ಒಂದು ಮಾತು, ಇಂಗ್ಲಿಷ್ ಕೈಪಿಡಿಗಳಲ್ಲಿ ಇದು ಸಿಗುವುದು ಅಪರೂಪ. ಪೈಥಾನ್‌ನ ಜೇಸನ್ ಗ್ರಂಥಾಲಯ ಮಾಮೂಲಿಯಾಗಿ ಕನ್ನಡ ಅಕ್ಷರಗಳನ್ನು ಹಾಗೇ ಬರೆಯದೆ ಯೂನಿಕೋಡ್ ಸಂಖ್ಯೆಗಳ ಸಂಕೇತವಾಗಿ ಬರೆಯುತ್ತದೆ. ಕಚ್ಚಾ ಫೈಲ್‌ನಲ್ಲಿ ‘ಪಾವತಿ ವಿಫಲ’ ಎಂದು ಹುಡುಕಿದರೆ ಸೊನ್ನೆ. ಅಕ್ಷರಗಳು ಹಾಗೇ ಇದ್ದರೂ ‘ಕೊ’ದಲ್ಲಿರುವ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಬೈಟ್‌ಗಳಲ್ಲಿ ಬೇರೆ. ಅರ್ಕಾವೊತ್ತು ತಪ್ಪಿಸಲೆಂದು ಟೈಪ್ ಮಾಡಿದ ಕಾಣದ ಜೋಡಕ ಅಕ್ಷರವೂ ಹೊಂದಾಣಿಕೆ ಕೆಡಿಸುತ್ತದೆ. ಸೂಚಿಗೆ ಹಾಕುವಾಗಲೂ ಹುಡುಕುವಾಗಲೂ ಒಂದೇ ಯೂನಿಕೋಡ್ ನಾರ್ಮಲೈಸೇಶನ್ (ಬೇರೆ ಬೇರೆ ಬರವಣಿಗೆಯನ್ನು ಒಂದೇ ಸಂಕೇತಕ್ಕೆ ತರುವುದು) ಮಾಡಿ, ಮಾಡಿದ್ದೀರೋ ಇಲ್ಲವೋ ಎಂದು ಬರೆದಿಡಿ. ಕಾಣದ ಜೋಡಕಗಳು ಆ ಕ್ರಿಯೆಯಲ್ಲಿ ಹೋಗುವುದಿಲ್ಲ, ಅವನ್ನು ಬೇರೆಯಾಗಿಯೇ ತೆಗೆಯಬೇಕು.

ಇಷ್ಟು ಕಾರಣಗಳಿರುವಾಗ ಖಾಲಿ ಉತ್ತರ ಬರಿಗೈಯಲ್ಲಿ ಬರಬಾರದು. ‘ಫಲಿತಾಂಶ ಇಲ್ಲ’ ಎಂಬ ಎರಡು ಪದದ ಬದಲು ಟೂಲ್ ಐದು ಸಂಗತಿ ಕೊಡಲಿ: ನಿಜವಾಗಿ ಹುಡುಕಿದ ಅವಧಿ ಯುಟಿಸಿಯಲ್ಲಿ, ಜಾಲಾಡಿದ ಸಾಲುಗಳ ಸಂಖ್ಯೆ, ಆ ಮೂಲದಲ್ಲಿ ಉಳಿದಿರುವ ಅತಿ ಹಳೆಯ ಸಾಲಿನ ಸಮಯ, ಅತಿ ಹೊಸ ಸಾಲಿನ ಸಮಯ, ಅನುಮತಿ ಇಲ್ಲದೆ ಬಿಟ್ಟ ಮೂಲಗಳು. ಎರಡನೆಯದು ಎಲ್ಲಕ್ಕಿಂತ ಮುಖ್ಯ. ಜಾಲಾಡಿದ್ದು 0, ಸಿಕ್ಕಿದ್ದು 0 ಎಂದರೆ ಮೂಲವೋ ಸಮಯವೋ ತಪ್ಪು. ಜಾಲಾಡಿದ್ದು 12 ಲಕ್ಷ, ಸಿಕ್ಕಿದ್ದು 0 ಎಂದರೆ ಪದ ತಪ್ಪಿರಬಹುದು ಅಥವಾ ನಿಜಕ್ಕೂ ಇಲ್ಲದಿರಬಹುದು. ಆಗ ಮಾಡಬೇಕಾದ ಪರೀಕ್ಷೆಯನ್ನೂ ಕೈಪಿಡಿಯೇ ಹೇಳಲಿ: ಅದೇ ಮೂಲ, ಅದೇ ಅವಧಿಯಲ್ಲಿ ಖಂಡಿತ ಇರಬೇಕಾದ ಒಂದು ಸಾಲನ್ನು ಹುಡುಕು, ಉದಾಹರಣೆಗೆ ನಿಮಿಷಕ್ಕೊಮ್ಮೆ ಬರುವ ಆರೋಗ್ಯ ತಪಾಸಣೆಯ ಸಾಲು. ಅದು ಸಿಕ್ಕರೆ ಮಾತ್ರ ‘ದೋಷ ಇಲ್ಲ’ ಎಂದು ಬರೆ. ಸಿಗದಿದ್ದರೆ ‘ಲಾಗ್ ಲಭ್ಯವಿಲ್ಲ, ತೀರ್ಮಾನ ಸಾಧ್ಯವಿಲ್ಲ’ ಎಂದು ಬರೆ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸ ಏಜೆಂಟ್‌ಗೆ ಹೇಳಿಕೊಡದ ಕೈಪಿಡಿ ಎಷ್ಟು ಪುಟವಿದ್ದರೂ ಅರೆಬರೆಯೇ.

ಪುಟಗಳಾಗಿ ಬರುವ ಉತ್ತರಗಳಲ್ಲಿ ಇನ್ನೊಂದು ಮೋಸವಿದೆ. ಕ್ಲೌಡ್‌ವಾಚ್‌ನಲ್ಲಿ ಸಾಲು ಸೋಸುವ ಕರೆ ಖಾಲಿ ಪುಟ ಕೊಟ್ಟು, ಜೊತೆಗೆ ‘ಮುಂದಿನ ಪುಟ’ ಕೇಳಲು ಬಳಸುವ ಗುರುತು, ಅಂದರೆ ಟೋಕನ್, ಕೊಡಬಹುದು. ಅಂದರೆ ಇನ್ನೂ ಇದೆ, ಈ ಭಾಗದಲ್ಲಿ ಸಿಗಲಿಲ್ಲ ಅಷ್ಟೆ. ಟೋಕನ್ ಮುಗಿಯುವವರೆಗೆ ಮುಂದುವರಿಯುವ ಕೆಲಸವನ್ನು ಟೂಲ್ ತನ್ನೊಳಗೇ ಮಾಡಿಕೊಳ್ಳಲಿ. ಅದು ಆಗದಿದ್ದರೆ ಈ ಸಂಗತಿಯನ್ನು ವಿವರಣೆಯ ಮೊದಲ ನಾಲ್ಕು ಸಾಲಿನಲ್ಲೇ ಬರೆಯಿರಿ.

ಖಾಲಿಯ ಕಥೆ ಹೀಗಾದರೆ ತುಂಬಿ ತುಳುಕುವುದೂ ತೊಂದರೆಯೇ. ಸಾಲಿಗೆ 200 ಅಕ್ಷರದಂತೆ 5,000 ಸಾಲು ಎಂದರೆ 10 ಲಕ್ಷ ಅಕ್ಷರ. ಇಂಗ್ಲಿಷ್ ಗದ್ಯಕ್ಕೆ ಸುಮಾರು ನಾಲ್ಕು ಅಕ್ಷರಕ್ಕೊಂದು ಟೋಕನ್ (ಇದು ಬೇರೆ: ಭಾಷಾ ಮಾದರಿ ಪಠ್ಯವನ್ನು ಒಡೆದು ಓದುವ ತುಣುಕು) ಎಂದಿಟ್ಟರೂ ಎರಡೂವರೆ ಲಕ್ಷ ಟೋಕನ್. ಲಾಗ್‌ನಲ್ಲಿ ತುಂಬಿರುವ ಗುರುತು ಸಂಖ್ಯೆಗಳು, ಹೆಕ್ಸ್ ಸರಣಿಗಳು ಇನ್ನೂ ಹೆಚ್ಚು ತಿನ್ನುತ್ತವೆ. 2 ಲಕ್ಷ ಟೋಕನ್ ಹಿಡಿಸುವ ಮಾದರಿಗೆ ಒಂದೇ ಹುಡುಕಾಟದಲ್ಲಿ ಜಾಗ ಮುಗಿಯಿತು. ಹಾಗೆಂದು ಮಿತಿ ಹಾಕಿ ಸುಮ್ಮನಾದರೆ ಮತ್ತೆ ಮೌನದ ಸಮಸ್ಯೆ. ಎಲಾಸ್ಟಿಕ್‌ಸರ್ಚ್ ಕೇಳದಿದ್ದರೆ 10 ದಾಖಲೆ ಮಾತ್ರ ಕೊಡುತ್ತದೆ, ಒಟ್ಟು ಎಷ್ಟು ಎಂಬುದನ್ನೂ 10,000ದವರೆಗೆ ಮಾತ್ರ ನಿಖರವಾಗಿ ಎಣಿಸುತ್ತದೆ, ಆಮೇಲೆ ‘ಇಷ್ಟು ಅಥವಾ ಹೆಚ್ಚು’ ಎನ್ನುತ್ತದೆ. ಆ ಗುರುತನ್ನು ಓದದ ಏಜೆಂಟ್ ‘ಸರಿಯಾಗಿ 10,000 ದೋಷಗಳು’ ಎಂದು ವರದಿ ಮಾಡುತ್ತದೆ. ಲೋಕಿಯಲ್ಲಿ ಮಾಮೂಲಿ ಮಿತಿ 100 ಸಾಲು, ಕ್ರಮ ಹೊಸದು ಮೊದಲು. ಅನಾಹುತದ ಕಾರಣ ಸಾಮಾನ್ಯವಾಗಿ ಆರಂಭದಲ್ಲಿರುತ್ತದೆ, ಕೊನೆಯ 100 ಸಾಲಿನಲ್ಲಿ ಸಿಗುವುದು ಅದರ ಪರಿಣಾಮಗಳ ಗದ್ದಲ. ಡೇಟಾಬೇಸ್ ಸಂಪರ್ಕ ತಪ್ಪಿದ ಒಂದು ಸಾಲು ಕಾಣದೆ, ಅದರಿಂದಾಗಿ ಬಿದ್ದ ನೂರು ವಿನಂತಿಗಳು ಕಾಣುತ್ತವೆ. ಕಾರಣ ಹುಡುಕುವಾಗ ಹಳೆಯದು ಮೊದಲು ಎಂದು ಕೇಳು ಎಂಬುದು ಕೈಪಿಡಿಯಲ್ಲಿ ಒಂದು ಸಾಲಿನ ಕೆಲಸ.

ಹುಡುಕುವ ಕ್ರಮವನ್ನೂ ಬರೆದುಕೊಡಿ. ಮೊದಲು ಎಣಿಕೆ ಮಾತ್ರ. ಆಮೇಲೆ ನಿಮಿಷಕ್ಕೆಷ್ಟು ಎಂಬ ಹಂಚಿಕೆ, ಏರಿಕೆ ಎಲ್ಲಿ ಶುರುವಾಯಿತೆಂದು ತಿಳಿಯಲು. ಆ ಕ್ಷಣದ ಎರಡು ನಿಮಿಷ ಹಿಂದಿನಿಂದ ಹಳೆಯದು ಮೊದಲಾಗಿ 20 ಸಾಲು. ಅವುಗಳಲ್ಲಿ ಟ್ರೇಸ್ ಐಡಿ (ಒಂದು ವಿನಂತಿ ಹಾದುಹೋದ ಎಲ್ಲ ಸೇವೆಗಳಲ್ಲೂ ಒಂದೇ ಆಗಿರುವ ಗುರುತು) ಇದ್ದರೆ, ಅಂದರೆ ಓಪನ್‌ಟೆಲಿಮೆಟ್ರಿ ಪದ್ಧತಿಯಲ್ಲಿ 32 ಹೆಕ್ಸ್ ಅಕ್ಷರದ್ದು, ಅದನ್ನು ಹಿಡಿದು ಎಲ್ಲ ಸೇವೆಗಳಲ್ಲಿ ಮತ್ತೆ ಹುಡುಕಾಟ. ದೋಷ ಕೋಡ್‌ನ ಯಾವ ದಾರಿಯಲ್ಲಿ ಬಂತೆಂದು ತೋರಿಸುವ ಸ್ಟ್ಯಾಕ್ ಟ್ರೇಸ್ ಹಲವು ಸಾಲಿನದಾಗಿದ್ದರೆ ಹೊಂದಿದ ಒಂದು ಸಾಲು ಮಾತ್ರ ಬರುತ್ತದೆ, ಮೂಲ ಕಾರಣ ಅದರ ಕೆಳಗೆ ಮೂವತ್ತನೇ ಸಾಲಿನಲ್ಲಿರಬಹುದು. ಮುಂದಿನ ಸಾಲುಗಳನ್ನು ಕೇಳುವ ಬಗೆ ಉದಾಹರಣೆಸಹಿತ ಇರಲಿ. ಇಷ್ಟು ಮಾಡಿದರೆ ಸಾಮಾನ್ಯ ದೋಷಕ್ಕೆ ನಾಲ್ಕೈದು ಕರೆ ಸಾಕು.

ಟೂಲ್ ಪುಟ ತಿರುಗಿಸಲು ಕಾಯುವ ಪೇಜರ್, ಬಣ್ಣದ ಸಂಕೇತಗಳು, ಮುಗಿಯದೆ ಬೆನ್ನು ಹತ್ತಿ ನೋಡುವ ಆಯ್ಕೆ, ಇವೆಲ್ಲ ಏಜೆಂಟ್‌ಗೆ ಬಂದ್ ಇರಲಿ. ಉದ್ದದ ಸಾಲನ್ನು ಕತ್ತರಿಸುವುದಾದರೆ ಎಷ್ಟು ಅಕ್ಷರ ಕತ್ತರಿಸಿದೆ ಎಂದು ಅಲ್ಲೇ ಬರೆಯಲಿ. ಜರ್ನಲ್‌ಸಿಟಿಎಲ್‌ನ ಜೇಸನ್‌ನಲ್ಲಿ 4,096 ಬೈಟ್ ದಾಟಿದ ಫೀಲ್ಡ್ ‘ನಲ್’ ಆಗಿ ಬರುತ್ತದೆ, ಎಲ್ಲವೂ ಬೇಕು ಎಂಬ ಆಯ್ಕೆ ಕೊಟ್ಟರಷ್ಟೇ ಪೂರ್ತಿ ಸಿಗುತ್ತದೆ. ಇದು ಗೊತ್ತಿಲ್ಲದವರಿಗೆ ಸಂದೇಶವೇ ಇರಲಿಲ್ಲ ಎನಿಸುತ್ತದೆ.

ಎರರ್ ಸಂದೇಶವೂ ಕೈಪಿಡಿಯ ಭಾಗವೇ, ಏಜೆಂಟ್ ಅದನ್ನು ಸರಿಯಾದ ಹೊತ್ತಿನಲ್ಲಿ ಓದುತ್ತದೆ. ‘ಅಮಾನ್ಯ ಇನ್‌ಪುಟ್’ ಎಂದರೆ ಅದು ಊಹೆಗೆ ಇಳಿಯುತ್ತದೆ. ‘ಸಮಯದಲ್ಲಿ 10 ಅಂಕಿ ಇದೆ, ಇಲ್ಲಿ ಮಿಲಿಸೆಕೆಂಡು ಬೇಕು, 1000ದಿಂದ ಗುಣಿಸಿ ಕಳುಹಿಸಿ’ ಎಂದರೆ ಮುಂದಿನ ಕರೆ ಸರಿಯಾಗುತ್ತದೆ. ಮೇಲೆ ಹೇಳಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ ಟೂಲ್‌ನ ದೋಷವನ್ನು ಉತ್ತರದೊಳಗೇ ದೋಷವೆಂಬ ಗುರುತು ಹಾಕಿ ಕಳುಹಿಸಲು ಅವಕಾಶ ಇರುವುದು ಇದಕ್ಕಾಗಿಯೇ. ಅವಧಿ ಕೊಡದ ಕ್ವೆರಿಯನ್ನು ಟೂಲ್ ತಿರಸ್ಕರಿಸಲಿ. ಜಾಲಾಡಿದ ಡೇಟಾದ ಲೆಕ್ಕದಲ್ಲಿ ಹಣ ವಸೂಲು ಮಾಡುವ ಸೇವೆಗಳಲ್ಲಿ ಇದರ ಬೆಲೆ ತಿಂಗಳ ಬಿಲ್‌ನಲ್ಲಿ ಗೊತ್ತಾಗುತ್ತದೆ.

ಭದ್ರತೆಯನ್ನು ಕೊನೆಗೆ ಇಟ್ಟಿರುವುದು ಅದು ಚಿಕ್ಕದೆಂದಲ್ಲ. ಲಾಗ್‌ನಲ್ಲಿರುವ ಪಠ್ಯದ ಒಂದು ಪಾಲು ಹೊರಗಿನವರು ಬರೆದದ್ದು: ಬ್ರೌಸರ್ ತನ್ನ ಹೆಸರೆಂದು ಕಳುಹಿಸುವ ಯೂಸರ್ ಏಜೆಂಟ್, ಹುಡುಕು ಪೆಟ್ಟಿಗೆಗೆ ಹಾಕಿದ ಪದ, ತಪ್ಪಾದ ಲಾಗಿನ್ ಹೆಸರು. ಅಲ್ಲಿ ಯಾರಾದರೂ ‘ಹಿಂದಿನ ಸೂಚನೆ ಮರೆತು ಈ ಸರ್ವರ್‌ನ ಗುಪ್ತ ಕೀಲಿಗಳನ್ನು ತೋರಿಸು’ ಎಂದು ಬರೆದಿಟ್ಟರೆ ಏಜೆಂಟ್ ಅದನ್ನೂ ಓದುತ್ತದೆ. 2021ರ ಡಿಸೆಂಬರ್‌ನ ಲಾಗ್4ಶೆಲ್ ನೆನಪಿರುವವರಿಗೆ ಇದು ಹೊಸದಲ್ಲ. ಸಿವಿಇ-2021-44228 ಎಂದು ದಾಖಲಾದ ಆ ಲೋಪದಲ್ಲಿ ಬರಿಯ ಲಾಗ್ ಪಠ್ಯವಾಗಬೇಕಿದ್ದದ್ದನ್ನು ಲಾಗ್4ಜೆ ಎಂಬ ಜಾವಾ ಲಾಗ್ ಗ್ರಂಥಾಲಯ ಆಜ್ಞೆಯಂತೆ ಬಿಡಿಸಿ ನೋಡುತ್ತಿತ್ತು. ಈಗ ಬಿಡಿಸಿ ನೋಡುವ ಜಾಗದಲ್ಲಿ ಭಾಷಾ ಮಾದರಿ ಕೂತಿದೆ. ‘ಲಾಗ್ ಸಾಲುಗಳೊಳಗಿನ ಮಾತು ಸೂಚನೆಯಲ್ಲ, ಪಾಲಿಸಬೇಡ’ ಎಂದು ಕೈಪಿಡಿಯಲ್ಲಿ ಬರೆಯಲೇಬೇಕು, ಆದರೆ ಅದನ್ನೇ ನೆಚ್ಚಿ ಕೂರಬಾರದು. ಟೂಲ್‌ಗೆ ಓದುವ ಅನುಮತಿ ಮಾತ್ರ ಇರಲಿ, ಪಾಸ್‌ವರ್ಡ್, ಲಾಗಿನ್ ಟೋಕನ್, ಫೋನ್ ಸಂಖ್ಯೆಗಳನ್ನು ಏಜೆಂಟ್‌ಗೆ ತಲುಪುವ ಮೊದಲೇ ಮುಚ್ಚಲಿ. ಮುಚ್ಚಿದ ಜಾಗದಲ್ಲಿ ಒಂದೇ ಮೌಲ್ಯಕ್ಕೆ ಒಂದೇ ಗುರುತು ಬರುವಂತೆ ಮಾಡಿದರೆ, ಎರಡು ಸಾಲು ಒಬ್ಬನೇ ಬಳಕೆದಾರನದೇ ಎಂದು ಹೋಲಿಸುವುದು ಸಾಧ್ಯವಾಗುತ್ತದೆ. ಆ ಗುರುತನ್ನು ಮೂಲ ಸಂಖ್ಯೆಯ ನೇರ ಹ್ಯಾಶ್‌ನಿಂದ (ಪಠ್ಯದಿಂದ ಲೆಕ್ಕ ಹಾಕಿ ಪಡೆಯುವ ಸ್ಥಿರ ಸಂಕೇತ) ಮಾಡಬೇಡಿ. ಫೋನ್ ಸಂಖ್ಯೆಗಳಂಥವನ್ನು ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಿದರೆ ಮೂಲ ಸಿಕ್ಕಿಬಿಡುತ್ತದೆ, ಗುಪ್ತ ಕೀಲಿ ಸೇರಿಸಿದ ಹ್ಯಾಶ್ ಬೇಕು.

ಕೈಪಿಡಿಯ ಉದ್ದದ ಬಗ್ಗೆ ಜಗಳವಿದೆ. ಟೂಲ್‌ನ ವಿವರಣೆ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಏಜೆಂಟ್‌ನ ಜಾಗ ತಿನ್ನುತ್ತದೆ, ಆದ್ದರಿಂದ ಮೇಲೆ ಹೇಳಿದ್ದನ್ನೆಲ್ಲ ಅಲ್ಲಿ ತುಂಬಲಾಗದು. ವಿವರಣೆಯಲ್ಲಿ 200 ಪದದೊಳಗೆ ಉದ್ದೇಶ, ಸಮಯದ ರೂಪ, ಮಿತಿ, ಕ್ರಮ, ಖಾಲಿ ಉತ್ತರದ ಅರ್ಥ ಇರಲಿ. ಫೀಲ್ಡ್‌ಗಳ ಪಟ್ಟಿ, ಲೆವೆಲ್ ಕೋಷ್ಟಕ, ಉಳಿಸುವ ಅವಧಿ ಬೇಕಾದಾಗ ತೆರೆಯುವ ಬೇರೆ ಫೈಲ್‌ನಲ್ಲಿರಲಿ. ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಬರೆಯಬಹುದು, ಆದರೆ ಕನ್ನಡ ಪಠ್ಯಕ್ಕೆ ಟೋಕನ್ ಹೆಚ್ಚು ಖರ್ಚಾಗುತ್ತದೆ ಮತ್ತು ಫೀಲ್ಡ್ ಹೆಸರುಗಳನ್ನು ಮೂಲದಲ್ಲಿದ್ದಂತೆಯೇ ಇಡಬೇಕಾಗುತ್ತದೆ. ಮನುಷ್ಯರಿಗಾಗಿ ಇರುವ ಪ್ರತಿ ಕನ್ನಡದಲ್ಲಿದ್ದರೆ ತಂಡಕ್ಕೆ ಲಾಭವಿದೆ.

ಬರೆದ ಕೈಪಿಡಿ ಸರಿಯಿದೆಯೇ ಎಂದು ಓದಿ ತಿಳಿಯುವುದಿಲ್ಲ, ಓಡಿಸಿ ನೋಡಬೇಕು. ಉತ್ತರ ಮೊದಲೇ ಗೊತ್ತಿರುವ 20 ಹಳೆಯ ಘಟನೆಗಳನ್ನು ಆರಿಸಿ, ಉಳಿದಿರುವ ಲಾಗ್‌ಗಳನ್ನು ಅಳಿಯದ ಜಾಗದಲ್ಲಿ ಇಟ್ಟುಕೊಳ್ಳಿ. ಅವುಗಳಲ್ಲಿ ನಾಲ್ಕು ನಿಜಕ್ಕೂ ದೋಷವಿಲ್ಲದ ಅವಧಿಯವು, ಇನ್ನು ನಾಲ್ಕು ಲಾಗ್ ಅಳಿಸಿಹೋದ ಅಥವಾ ಅನುಮತಿ ಇಲ್ಲದ ಮೂಲದವು ಆಗಿರಲಿ. ಹೊಸ ಸಂಭಾಷಣೆಯಲ್ಲಿ ಏಜೆಂಟ್‌ಗೆ ಒಂದೊಂದನ್ನೇ ಕೊಟ್ಟು ಕರೆಗಳ ಸಂಖ್ಯೆ, ಟೋಕನ್ ಲೆಕ್ಕ, ಉತ್ತರ ಸರಿಯೋ ತಪ್ಪೋ ಬರೆದಿಡಿ. ಮಾದರಿ ಒಂದೇ ಪ್ರಶ್ನೆಗೆ ಪ್ರತಿ ಸಲ ಒಂದೇ ದಾರಿ ಹಿಡಿಯದ ಕಾರಣ ಪ್ರತಿಯೊಂದನ್ನೂ ಮೂರು ಸಲವಾದರೂ ಓಡಿಸಿ. ಕೊನೆಯ ನಾಲ್ಕರಲ್ಲಿ ಒಂದಕ್ಕಾದರೂ ‘ದೋಷ ಇರಲಿಲ್ಲ’ ಎಂಬ ಉತ್ತರ ಬಂದರೆ, ಉಳಿದ ಹದಿನಾರು ಸರಿಯಿದ್ದರೂ ಆ ಕೈಪಿಡಿಯನ್ನು ಬಳಕೆಗೆ ಬಿಡಬೇಡಿ.

ಇಂತಿ,
ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವ ಕೆಲವು ಓದುಗರು